ನಿಕೋಟಿನ್ನೂ ನಮ್ಮ ನಿರ್ಧಾರಗಳೂ

ಇಪ್ಪತ್ತು ವರ್ಷಗಳಿಂದ ಬೀಡಿಯನ್ನೋ ಸಿಗರೇಟನ್ನೋ ಸೇದುತ್ತ ಬಂದಿರುವ ಹಿರಿಯರೊಬ್ಬರನ್ನು, "ಇದರಿಂದ ತಮಗೆ ದೊರೆಯುವ ಸುಖವೇನು?" ಎಂದು ಕೇಳಿದರೆ, "ಸುಖವೆಲ್ಲಿಯದು! ಬಿಡಲಾಗುವುದಿಲ್ಲ, ಅಷ್ಟೆ" ಎಂಬ ಉತ್ತರವೇ ಹೆಚ್ಚಾಗಿ ಬರುವುದು. ಇದನ್ನು ಮನೋದೌರ್ಬಲ್ಯದ ಮಾತೆಂದು ನಾವು ತಳ್ಳಿಹಾಕುವುದುಂಟು. ಆದರೆ ಈ ಉತ್ತರದಲ್ಲಿ ವಿಜ್ಞಾನಿಯನ್ನು ಕಾಡತಕ್ಕ ಒಂದು ಒಗಟು ಅಡಗಿದೆ. ಸುಖ ಕೊಡುವ ವಸ್ತುವನ್ನು ಪ್ರಾಣಿಯು ಅರಸುವುದು ಸಹಜ. ಸುಖ ಕೊಡದ ವಸ್ತುವನ್ನು ಅದು ದಿನಕ್ಕೆ ಇಪ್ಪತ್ತು ಬಾರಿ ಅರಸುವುದೇಕೆ? ಈ ಒಗಟನ್ನು ಬಿಡಿಸಬೇಕಾದರೆ ನಾವು ಶ್ವಾಸಕೋಶವನ್ನು ಬಿಟ್ಟು ಮಿದುಳಿನ ಕಡೆಗೆ, ಅದರಲ್ಲಿಯೂ ಮಿದುಳು ಪಾಠ ಕಲಿಯುವ ಕ್ರಮದ ಕಡೆಗೆ ತಿರುಗಬೇಕು.

ಹೊಗೆಸೊಪ್ಪಿನ ಹೊಗೆಯಲ್ಲಿ ಸಾವಿರಾರು ರಾಸಾಯನಿಕಗಳುಂಟು. ಶ್ವಾಸಕೋಶವನ್ನೂ ಹೃದಯವನ್ನೂ ಕೆಡಿಸುವುದರಲ್ಲಿ ಅವುಗಳಲ್ಲಿ ಅನೇಕವು ಪಾಲುಗೊಳ್ಳುತ್ತವೆ. ಆದರೆ ಮನುಷ್ಯನನ್ನು ಮತ್ತೆ ಮತ್ತೆ ಆ ಹೊಗೆಯ ಬಳಿಗೆ ಕರೆತರುವುದು ಮುಖ್ಯವಾಗಿ ಒಂದೇ ಒಂದು: ನಿಕೋಟಿನ್. ಇದನ್ನು ಶುದ್ಧರೂಪದಲ್ಲಿ ಮೊದಲು ಬೇರ್ಪಡಿಸಿದವರು ೧೮೨೮ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿದ್ದ ಪೋಸೆಲ್ಟ್ ಮತ್ತು ರೈಮಾನ್ ಎಂಬಿಬ್ಬರು.

ನಿಕೋಟಿನ್ನಿನ ಕಥೆಯನ್ನು ಮುಂದುವರಿಸುವ ಮೊದಲು ಮಿದುಳು ಪ್ರತಿಫಲವನ್ನು ಗುರುತಿಸುವ ಬಗೆಯನ್ನು ಸ್ವಲ್ಪ ನೋಡೋಣ. ೧೯೫೪ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬುವರು ಇಲಿಯ ಮಿದುಳಿನ ಆಳಕ್ಕೆ ಸಣ್ಣ ತಂತಿಯೊಂದನ್ನು ಇಳಿಸಿ, ಇಲಿಯು ತಾನೇ ಒಂದು ಸನ್ನೆಯನ್ನು ಒತ್ತಿದಾಗ ಆ ಭಾಗದಲ್ಲಿ ಅಲ್ಪ ವಿದ್ಯುತ್ತು ಹರಿಯುವಂತೆ ಏರ್ಪಡಿಸಿದರು. ಒತ್ತಿದರೆ ದೊರೆಯುವುದು ಕಾಳಲ್ಲ, ನೀರಲ್ಲ, ಬರಿಯ ವಿದ್ಯುತ್ತು. ಆದರೂ ಇಲಿ ಒತ್ತುತ್ತಲೇ ಇತ್ತು. ಮುಂದಿನ ಕೆಲವು ವರ್ಷಗಳ ಪ್ರಯೋಗಗಳಲ್ಲಿ ಗಂಟೆಗೆ ಸಾವಿರಾರು ಬಾರಿ ಒತ್ತಿದ ಇಲಿಗಳೂ ಕಂಡುಬಂದವು. ಈ ವರ್ತನೆಯಲ್ಲಿ ಮುಖ್ಯ ಪಾತ್ರ ವಹಿಸುವುದು ನಡುಮಿದುಳಿನಿಂದ ಹೊರಟು ಮುಂದಿನ ಭಾಗಗಳಿಗೆ ಹಬ್ಬಿರುವ, ಡೋಪಮೀನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳೆಂದು ಆಮೇಲೆ ತಿಳಿಯಿತು.

ಡೋಪಮೀನನ್ನು ಪತ್ರಿಕೆಗಳಲ್ಲಿ 'ಸುಖದ ರಾಸಾಯನಿಕ' ಎಂದು ಕರೆಯುವುದು ವಾಡಿಕೆಯಾಗಿದೆ. ಈ ಹೆಸರು ನಮಗೆ ಒಪ್ಪಿಗೆಯಿಲ್ಲ. ಸ್ವಿಟ್ಜರ್ಲೆಂಡಿನ ಫ್ರಿಬೋರ್ಗ್ ವಿಶ್ವವಿದ್ಯಾಲಯದಲ್ಲಿ ವುಲ್ಫ್ರಾಮ್ ಷುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ನೋಡಿದರೆ ಕಾರಣ ಸ್ಪಷ್ಟವಾಗುವುದು. ಕೋತಿಯ ಬಾಯಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ಬಿದ್ದಾಗ ಈ ನರಕೋಶಗಳು ಒಮ್ಮೆಲೇ ಚುರುಕಾಗಿ ಮಿಡಿದವು. ರಸ ಬೀಳುವ ಮುಂಚೆ ಪ್ರತಿ ಸಲವೂ ದೀಪವೊಂದನ್ನು ಹೊತ್ತಿಸುತ್ತ ಹೋದಾಗ, ಕೆಲವು ಕಾಲದ ಮೇಲೆ ಅವು ದೀಪಕ್ಕೇ ಮಿಡಿಯತೊಡಗಿದವು. ರಸ ಬಿದ್ದಾಗ ಸುಮ್ಮನಿದ್ದವು. ದೀಪ ಹೊತ್ತಿಯೂ ರಸ ಬಾರದಿದ್ದರೆ, ರಸ ಬರಬೇಕಾಗಿದ್ದ ಕ್ಷಣಕ್ಕೆ ಸರಿಯಾಗಿ ಅವುಗಳ ಸಹಜ ಮಿಡಿತವೂ ನಿಂತುಹೋಯಿತು. ರಸದ ರುಚಿಯೇನೂ ಬದಲಾಗಿರಲಿಲ್ಲವಷ್ಟೆ. ಹಾಗಾದರೆ ಆ ಮಿಡಿತ ಸೂಚಿಸುವುದು ರುಚಿಯನ್ನಲ್ಲ. ನಿರೀಕ್ಷಿಸಿದ್ದಕ್ಕೂ ದೊರೆತದ್ದಕ್ಕೂ ಇರುವ ವ್ಯತ್ಯಾಸವನ್ನು. ಷುಲ್ಟ್ಸ್‌ರು ಪೀಟರ್ ಡಯಾನ್ ಮತ್ತು ರೀಡ್ ಮಾಂಟೆಗ್ಯು ಅವರೊಡಗೂಡಿ ೧೯೯೭ರಲ್ಲಿ ಈ ವಿವರಣೆಯನ್ನು ಪ್ರಕಟಿಸಿದರು.

ವ್ಯತ್ಯಾಸದಿಂದ ಪಾಠ ಕಲಿಯುವುದು ಹೇಗೆ? ಒಂದು ಸಣ್ಣ ಲೆಕ್ಕವನ್ನು ತೆಗೆದುಕೊಳ್ಳೋಣ. ಹೊಸ ಅಂಗಡಿಯೊಂದರ ಹಣ್ಣಿನ ನಿಜವಾದ ಬೆಲೆ ನಮಗೆ ೮ ಅಂಕವೆಂದಿರಲಿ. ಮೊದಲು ನಮಗೆ ಏನೂ ತಿಳಿಯದು. ನಮ್ಮ ಅಂದಾಜು ೦. ಒಂದು ಸಲ ತಿಂದಾಗ ವ್ಯತ್ಯಾಸ ೮. ಅದರ ಅರ್ಧವನ್ನು ಹಳೆಯ ಅಂದಾಜಿಗೆ ಕೂಡಿಸಿದರೆ ಹೊಸ ಅಂದಾಜು ೪. ಎರಡನೆಯ ಸಲ ವ್ಯತ್ಯಾಸ ೪, ಅಂದಾಜು ೬, ಮೂರನೆಯ ಸಲ ೭, ಆಮೇಲೆ ಏಳೂವರೆ. ಹೀಗೆ ಅಂದಾಜು ೮ನ್ನು ಸಮೀಪಿಸುವುದು, ವ್ಯತ್ಯಾಸ ಸೊನ್ನೆಯನ್ನು ಸಮೀಪಿಸುವುದು, ಕಲಿಕೆ ತಾನಾಗಿಯೇ ನಿಲ್ಲುವುದು. ಅನ್ನಕ್ಕೂ ಹಣ್ಣಿಗೂ ಸ್ನೇಹಿತರ ಒಡನಾಟಕ್ಕೂ ಮಿದುಳು ಬೆಲೆ ಕಟ್ಟುವುದು ಬಹುಮಟ್ಟಿಗೆ ಈ ಕ್ರಮದಿಂದಲೇ.

ಇನ್ನು ನಿಕೋಟಿನ್ ಈ ಲೆಕ್ಕದೊಳಗೆ ಕೈಯಾಡಿಸುವ ಬಗೆ. ನರಕೋಶಗಳು ಪರಸ್ಪರ ಸಂದೇಶ ಕಳುಹಿಸಲು ಬಳಸುವ ವಸ್ತುಗಳಲ್ಲಿ ಅಸಿಟೈಲ್‌ಕೋಲೀನ್ ಒಂದು. ಅದು ಬಂದು ಕೂಡುವ ಗ್ರಾಹಕಗಳಲ್ಲಿ ಒಂದು ಜಾತಿಯವು ನಿಕೋಟಿನ್ನಿಗೂ ತೆರೆದುಕೊಳ್ಳುತ್ತವೆ. ಬೀಗವೊಂದೇ, ಕೀಲಿಕೈಗಳು ಎರಡು. ಕೇಂಬ್ರಿಜ್‌ನ ಲ್ಯಾಂಗ್ಲಿ ೧೯೦೫ರಲ್ಲಿ ಇಂಥ ಗ್ರಾಹಕವಸ್ತು ಇರಲೇಬೇಕೆಂದು ಊಹಿಸಿದ್ದು ಕೋಳಿಯ ಸ್ನಾಯುವಿನ ಮೇಲೆ ನಿಕೋಟಿನ್ನನ್ನು ಪ್ರಯೋಗಿಸಿಯೇ. ಆದರೆ ಎರಡು ಕೀಲಿಗಳಿಗೂ ಒಂದು ಭೇದವುಂಟು. ಅಸಿಟೈಲ್‌ಕೋಲೀನನ್ನು ಅದಕ್ಕೆಂದೇ ಇರುವ ಕಿಣ್ವವೊಂದು ಕಣ್ಣುಮಿಟುಕಿಸುವುದರೊಳಗೆ ಒಡೆದುಹಾಕುವುದು. ನಿಕೋಟಿನ್ನನ್ನು ಆ ಕಿಣ್ವ ಮುಟ್ಟದು. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು ಎರಡು ಗಂಟೆ ಬೇಕು. ಸೇದಿದ ಹೊಗೆಯ ನಿಕೋಟಿನ್ ಮಿದುಳನ್ನು ಮುಟ್ಟಲು ೧೦ರಿಂದ ೨೦ ಸೆಕೆಂಡುಗಳು ಸಾಕು. ಅಲ್ಲಿ ಅದು ಡೋಪಮೀನ್ ನರಕೋಶಗಳ ಮೇಲಿನ ಗ್ರಾಹಕಗಳನ್ನು ತೆರೆಯುತ್ತದೆ. ಈ ನರಕೋಶಗಳನ್ನು ಹದ್ದಿನಲ್ಲಿಡುವ ಬೇರೆ ಕೋಶಗಳುಂಟು. ಅವುಗಳ ಗ್ರಾಹಕಗಳು ನಿಕೋಟಿನ್ನಿನ ಸಹವಾಸದಿಂದ ಸ್ವಲ್ಪ ಹೊತ್ತಿನಲ್ಲಿಯೇ ಜಡವಾಗುತ್ತವೆ, ಹುರಿದುಂಬಿಸುವ ಕೋಶಗಳವು ಅಷ್ಟಾಗಿ ಜಡವಾಗವು. ಕಡಿವಾಣ ಸಡಿಲಿ ಚಾವಟಿ ಮಾತ್ರ ಉಳಿದಂತೆ! ಹೀಗಾಗಿ ಡೋಪಮೀನ್ ಹೆಚ್ಚುತ್ತದೆ. ೧೯೯೮ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ಗ್ರಾಹಕದ ಒಂದು ಅಂಗವೇ ಇಲ್ಲದಂತೆ ಬೆಳೆಸಿದ ಚಿಟ್ಟಿಲಿಗಳು ನಿಕೋಟಿನ್ನಿಗಾಗಿ ಹಂಬಲಿಸಲಿಲ್ಲ.

ಹೊಗೆಯ ವೇಗ ಇಲ್ಲಿ ಮುಖ್ಯ. ಎಲೆಯಡಿಕೆಯೊಂದಿಗೆ ಹೊಗೆಸೊಪ್ಪನ್ನು ಅಗಿಯುವಾಗ ನಿಕೋಟಿನ್ ಬಾಯಿಯ ಒಳಪದರದ ಮೂಲಕ ನಿಧಾನವಾಗಿ ಒಳಸೇರುವುದು. ಆದರೆ ಸುಣ್ಣ ಸೇರಿದಾಗ ಬಾಯಿಯ ದ್ರವ ಕ್ಷಾರೀಯವಾಗಿ, ನಿಕೋಟಿನ್ ಹೆಚ್ಚು ಸುಲಭವಾಗಿ ಒಳನುಗ್ಗುತ್ತದೆ. ಸುಣ್ಣದ ಹದವನ್ನು ಕಂಡುಕೊಂಡ ನಮ್ಮ ಹಿಂದಿನವರಿಗೆ ಈ ರಸಾಯನಶಾಸ್ತ್ರ ತಿಳಿದಿರಲಿಲ್ಲ. ನಾಲಗೆಗೆ ತಿಳಿದಿತ್ತೆಂದು ತೋರುತ್ತದೆ.

ಈಗ ಮೇಲಿನ ಲೆಕ್ಕಕ್ಕೆ ಹಿಂದಿರುಗೋಣ. ಡೋಪಮೀನ್ ಮಿಡಿತವೆಂದರೆ 'ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿದೆ' ಎಂಬ ವರದಿ. ನಿಕೋಟಿನ್ ಈ ವರದಿಯನ್ನು ಅನುಭವದ ಮೂಲಕವಲ್ಲದೆ ನೇರವಾಗಿ ರಸಾಯನಕ್ರಿಯೆಯಿಂದಲೇ ಹುಟ್ಟಿಸುತ್ತದೆ. ಪ್ರತಿ ಸಲವೂ ಕನಿಷ್ಠ ೨ ಅಂಕದ ವ್ಯತ್ಯಾಸ ಹೀಗೆ ಹುಟ್ಟುವುದಾದರೆ, ಅಂದಾಜು ಸಲಕ್ಕೆ ೧ರಂತೆ ಏರುತ್ತಲೇ ಹೋಗುವುದು. ವ್ಯತ್ಯಾಸ ಎಂದಿಗೂ ಸೊನ್ನೆಯಾಗದು. ಅಮೆರಿಕದ ಡೇವಿಡ್ ರೆಡಿಷ್ ೨೦೦೪ರಲ್ಲಿ ವ್ಯಸನಕ್ಕೆ ಇಂಥದೊಂದು ಗಣಿತರೂಪವನ್ನು ಕೊಟ್ಟರು. ಇಷ್ಟು ಸರಳವಾದ ಗಣಿತ ಇಲಿಗಳ ಮೇಲಿನ ಮುಂದಿನ ಪರೀಕ್ಷೆಗಳಲ್ಲಿ ಪೂರ್ತಿಯಾಗಿ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ರೋಗದ ಬೇರು ಎಲ್ಲಿದೆಯೆಂಬುದನ್ನು ಅದು ಚೆನ್ನಾಗಿ ತೋರಿಸಿಕೊಟ್ಟಿತು. ಪ್ರಯೋಗಶಾಲೆಯಲ್ಲಿ ವರ್ನಿಯರ್ ಮಾಪಕದ ಶೂನ್ಯದೋಷವನ್ನು ವಿದ್ಯಾರ್ಥಿಗಳು ಕಳೆದುಬಿಡುತ್ತಾರೆ. ದೋಷವಿದೆಯೆಂದು ಅವರಿಗೆ ಗೊತ್ತು. ಮಿದುಳಿಗಾದರೋ ತನ್ನ ಮಾಪಕವನ್ನು ಪರೀಕ್ಷಿಸಲು ಬೇರೊಂದು ಮಾಪಕವಿಲ್ಲ.

ಮೊದಲು ಹೇಳಿದ ಹಿರಿಯರ ಮಾತು ಈಗ ಅರ್ಥವಾಗುತ್ತದೆ. ಡೋಪಮೀನನ್ನು ಬಹುಪಾಲು ಕಳೆದುಕೊಂಡ ಇಲಿಗಳು ಕೂಡ, ಸಿಹಿಯನ್ನು ನಾಲಗೆಗೆ ಮುಟ್ಟಿಸಿದರೆ ಮೆಚ್ಚಿ ಚಪ್ಪರಿಸುತ್ತವೆಂದು ಮಿಚಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಟೆರ‍್ರಿ ರಾಬಿನ್‌ಸನ್ ತೋರಿಸಿದರು. ಅವುಗಳಲ್ಲಿ ಇಲ್ಲವಾದದ್ದು ಆ ಸಿಹಿಯನ್ನು ಹುಡುಕಿಕೊಂಡು ಹೋಗುವ ಹಂಬಲ. ಮೆಚ್ಚುವುದು ಬೇರೆ, ಬಯಸುವುದು ಬೇರೆ. ನಿಕೋಟಿನ್ ಉಬ್ಬಿಸುವುದು ಎರಡನೆಯದನ್ನು.

ಈ ಪಾಠದ ಪುನರಾವರ್ತನೆ ಎಷ್ಟೆಂಬುದನ್ನೂ ಎಣಿಸಿ ನೋಡಬಹುದು. ದಿನಕ್ಕೆ ೨೦ ಸಿಗರೇಟು, ಒಂದಕ್ಕೆ ೧೦ ದಮ್ಮು ಎಂದಿಟ್ಟುಕೊಂಡರೆ ದಿನಕ್ಕೆ ೨೦೦, ವರ್ಷಕ್ಕೆ ೭೩,೦೦೦. ಯಾವ ಮಗ್ಗಿಯನ್ನೂ ನಾವು ಇಷ್ಟು ಸಲ ಒಪ್ಪಿಸಿಲ್ಲ! ಪ್ರತಿ ದಮ್ಮಿನ ಜೊತೆಗೂ ಬೆಂಕಿಕಡ್ಡಿಯ ಸದ್ದು, ಕಾಫಿಯ ವಾಸನೆ, ಹೋಟೆಲಿನ ಮೂಲೆ, ಗೆಳೆಯನ ಮುಖ ಇವೂ ಸೇರಿ, ಕೋತಿಗೆ ದೀಪ ಹೇಗೋ ಹಾಗೆ ಸಂಕೇತಗಳಾಗುತ್ತವೆ. ಇನ್ನೊಂದು ವಿಚಿತ್ರವುಂಟು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಇಲಿಗಳು ಸನ್ನೆ ಒತ್ತಿದರೆ ದೀಪ ಹೊತ್ತುವುದು, ಅಷ್ಟೆ. ನಿಕೋಟಿನ್ ಮಾತ್ರ ಒತ್ತಲಿ ಬಿಡಲಿ ಬೇರೆಯಾಗಿ ಅವುಗಳ ರಕ್ತಕ್ಕೆ ಸೇರುತ್ತಿತ್ತು. ಆಗಲೂ ಅವು ಬರಿಯ ದೀಪಕ್ಕಾಗಿ ಹೆಚ್ಚು ಹೆಚ್ಚು ಒತ್ತಿದವು. ಎಂದರೆ ನಿಕೋಟಿನ್ ತನ್ನ ಬೆಲೆಯನ್ನಲ್ಲದೆ ನೆರೆಯಲ್ಲಿರುವ ವಸ್ತುಗಳ ಬೆಲೆಯನ್ನೂ ಏರಿಸುತ್ತದೆ. ಸಿಗರೇಟಿಲ್ಲದ ಕಾಫಿ ಸಪ್ಪೆಯೆಂದು ಕೆಲವರು ದೂರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಬೆಲೆಗಳು ಕೆಟ್ಟ ಮೇಲೆ ನಿರ್ಧಾರಗಳು ನೆಟ್ಟಗಿರುವುದೆಂತು? ೧೯೯೯ರಲ್ಲಿ ವಾರೆನ್ ಬಿಕೆಲ್ ಮತ್ತು ಅವರ ಸಂಗಡಿಗರು, ಸೇದುವವರಿಗೂ ಎಂದೂ ಸೇದದವರಿಗೂ ಸೇದಿ ಬಿಟ್ಟವರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಹಾಕಿದರು: ಈಗಲೇ ಸಿಗುವ ಕಡಿಮೆ ಹಣ ಬೇಕೋ, ತಡವಾಗಿ ಸಿಗುವ ಹೆಚ್ಚು ಹಣ ಬೇಕೋ? ಸೇದುವವರ ಕಣ್ಣಿನಲ್ಲಿ ತಡವಾಗಿ ಬರುವ ಹಣದ ಬೆಲೆ ಉಳಿದಿಬ್ಬರಿಗಿಂತ ಬೇಗನೆ ಕುಸಿಯಿತು. ಮಾಂಟೆಗ್ಯು ಅವರ ತಂಡ ೨೦೦೮ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆ ಇದಕ್ಕಿಂತ ಸೂಕ್ಷ್ಮವಾದುದು. ಷೇರುಪೇಟೆಯಂಥ ಒಂದು ಆಟದಲ್ಲಿ ಜನರು ಹಣ ಹೂಡಬೇಕು. ಬೆಲೆ ಏರಿದಾಗ, 'ಇನ್ನೂ ಹೆಚ್ಚು ಹೂಡಿದ್ದರೆ ಇಷ್ಟು ಬರುತ್ತಿತ್ತು' ಎಂಬ ಅರಿವು ಸೇದದವರ ಮುಂದಿನ ಹೂಡಿಕೆಯನ್ನು ತಿದ್ದುತ್ತಿತ್ತು. ಸೇದುವವರ ಮಿದುಳಿನಲ್ಲಿಯೂ ಈ 'ಆಗಬಹುದಾಗಿದ್ದ' ಲಾಭದ ಸಂಕೇತ ಮೂಡಿತು. ಆದರೆ ಅವರ ಮುಂದಿನ ನಡೆ ಅದನ್ನು ಲೆಕ್ಕಿಸಲಿಲ್ಲ. ಲೆಕ್ಕ ಆಗಿದೆ, ಖಾತೆಗೆ ಏರಿಲ್ಲ. 'ಸೇದದಿದ್ದರೆ ಏನಾಗುತ್ತಿತ್ತು' ಎಂಬುದನ್ನು ಚೆನ್ನಾಗಿ ಬಲ್ಲ ವೈದ್ಯರು ಸಹ ಸೇದುವುದನ್ನು ಕಂಡವರಿಗೆ ಇದು ತೀರ ಹೊಸತೆನಿಸದು. ಇಂಥ ಹೋಲಿಕೆಗಳಿಂದ ನಿಕೋಟಿನ್ನೇ ಈ ಭೇದವನ್ನು ತಂದಿತೋ, ಮೊದಲೇ ಹಾಗಿದ್ದವರು ಹೊಗೆಗೆ ಬಿದ್ದರೋ ಎಂಬುದು ನಿರ್ಣಯವಾಗುವುದಿಲ್ಲ. ಎರಡೂ ಕೂಡಿಯೇ ಇರಬೇಕೆಂದು ನಮ್ಮ ಅಭಿಪ್ರಾಯ.

ಕಾಲೇಜು ಸೇರುವ ವಯಸ್ಸು ಇಲ್ಲಿ ವಿಶೇಷವಾಗಿ ಗಮನಾರ್ಹ. ಮುಂದಾಲೋಚನೆಗೆ ಬೇಕಾದ ಮಿದುಳಿನ ಮುಂಭಾಗ ಇಪ್ಪತ್ತರ ನಡುಪ್ರಾಯದವರೆಗೂ ಬಲಿಯುತ್ತಿರುತ್ತದೆ. ಬಯಕೆಯ ಭಾಗ ಅದಕ್ಕಾಗಿ ಕಾಯುವುದಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ೨೦೦೩ರಲ್ಲಿ ವರದಿಯಾದ ಪ್ರಯೋಗದಲ್ಲಿ, ಎಳೆಹರೆಯದಲ್ಲಿ ನಿಕೋಟಿನ್ ತೊಡಗಿದ ಹೆಣ್ಣಿಲಿಗಳು ಬೆಳೆದ ಮೇಲೆ ತೊಡಗಿದವುಗಳಿಗಿಂತ ಹೆಚ್ಚು ತೆಗೆದುಕೊಂಡವು, ದೊಡ್ಡವಾದ ಮೇಲೂ ಹಾಗೆಯೇ ಮುಂದುವರಿದವು. ಭಾರತದ ೨೦೦೩ರ ಕಾನೂನು ೧೮ ವರ್ಷಕ್ಕಿಂತ ಚಿಕ್ಕವರಿಗೆ ಹೊಗೆಸೊಪ್ಪು ಮಾರುವುದನ್ನು ನಿಷೇಧಿಸಿತು. ೨೦೨೫ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಈ ವಯಸ್ಸು ೨೧ಕ್ಕೆ ಏರಿದೆ. ಮಿದುಳಿನ ಗಡಿಯಾರಕ್ಕೆ ೨೧ ಇನ್ನಷ್ಟು ಹತ್ತಿರ.

ಸೇದುವುದನ್ನು ಬಿಟ್ಟರೆ ಏನಾಗುವುದು? ಸೇದುವವರ ಮಿದುಳಿನಲ್ಲಿ ಜಡವಾದ ಗ್ರಾಹಕಗಳ ಕೊರತೆಯನ್ನು ತುಂಬಿಕೊಳ್ಳಲೋ ಎಂಬಂತೆ ಅವುಗಳ ಸಂಖ್ಯೆ ಹೆಚ್ಚಿರುತ್ತದೆ. ಒಂದು ಇಡೀ ಸಿಗರೇಟು ಇಂಥ ಮುಖ್ಯ ಗ್ರಾಹಕಗಳಲ್ಲಿ ನೂರಕ್ಕೆ ಸುಮಾರು ೮೮ನ್ನು ಆಕ್ರಮಿಸುತ್ತದೆಂದು ಲಾಸ್ ಏಂಜಲಿಸ್‌ನ ವಿಜ್ಞಾನಿಗಳು ೨೦೦೬ರಲ್ಲಿ ಅಳೆದರು. ಬಿಟ್ಟ ಮೊದಲ ದಿನಗಳಲ್ಲಿ ಇಷ್ಟೂ ಬಾಯಿಗಳು ಬರಿದಾಗಿ ಕಾಯುತ್ತಿರುವುದರಿಂದಲೇ ಸಿಡುಕು, ಚಡಪಡಿಕೆ, ಗಮನವಿಲ್ಲದಿರುವಿಕೆ. ೨೦೦೬ರಲ್ಲಿಯೇ ಬಳಕೆಗೆ ಬಂದ ವರೆನಿಕ್ಲೀನ್ ಎಂಬ ಔಷಧ ಈ ಬಾಗಿಲುಗಳನ್ನು ಅರೆಬರೆಯಾಗಿ ತೆರೆದು, ನಿಕೋಟಿನ್ ಬಂದರೆ ಅದಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಔಷಧವಿಲ್ಲದೆಯೂ ಕೆಲವು ವಾರಗಳಿಂದ ಎರಡು ಮೂರು ತಿಂಗಳೊಳಗೆ ಗ್ರಾಹಕಗಳ ಸಂಖ್ಯೆ ಸೇದದವರ ಮಟ್ಟಕ್ಕೆ ಇಳಿಯುತ್ತದೆ. ಸಂಕೇತಗಳ ನೆನಪು ಅಷ್ಟು ಬೇಗ ಇಳಿಯದು: ನಿಕೋಟಿನ್ ನಿಂತು ಸನ್ನೆಯನ್ನು ಮರೆತಂತಿದ್ದ ಇಲಿಯ ಮುಂದೆ ಹಳೆಯ ದೀಪವನ್ನು ಹೊತ್ತಿಸಿದರೆ, ಅದು ಎದ್ದು ಮತ್ತೆ ಸನ್ನೆಯ ಬಳಿಗೆ ಹೋಗುತ್ತದೆ.