ಬೆಳಗಾವಿ ಮತ್ತು ಹಲಸಿಯ ಹಳೆಯ ಛಾಯಾಚಿತ್ರಗಳು: ಮೂಲಶೋಧನೆಯ ತೊಡಕುಗಳು

ಬೆಳಗಾವಿ ಕೋಟೆಯ ಬಸದಿಗಳು, ಖಾನಾಪುರ ತಾಲ್ಲೂಕಿನ ಹಲಸಿಯ ದೇವಾಲಯಗಳು ಮೊದಲಾದ ಸ್ಮಾರಕಗಳ ಹಳೆಯ ಛಾಯಾಚಿತ್ರಗಳನ್ನು ಬಳಸುವಾಗ, ಅವು ಅಚ್ಚಾದ ಗ್ರಂಥದ ವರ್ಷವನ್ನೇ ಚಿತ್ರದ ವರ್ಷವೆಂದು ಭಾವಿಸುವುದುಂಟು. ಕಟ್ಟಡದ ಯಾವ ಭಾಗ ಯಾವಾಗ ಬಿದ್ದಿತು, ಯಾವುದು ಜೀರ್ಣೋದ್ಧಾರದ ಫಲ ಎಂಬ ನಿರ್ಣಯಗಳು ಈ ವರ್ಷವನ್ನೇ ಅವಲಂಬಿಸಿರುವುದರಿಂದ ಇದು ಸಣ್ಣ ದೋಷವಲ್ಲ.

ಮುಂಬಯಿ ಸರ್ಕಾರವು 1855ರಲ್ಲಿ ಫಿರಂಗಿದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ರನ್ನು ಛಾಯಾಗ್ರಾಹಕರನ್ನಾಗಿ ನೇಮಿಸಿತು. ವರ್ಷಾಂತ್ಯಕ್ಕೆ ಅವರು ಸೈನ್ಯಕ್ಕೆ ಮರಳಿದಾಗ ವೈದ್ಯ ವಿಲಿಯಂ ಪಿಗೂ ಆ ಕಾರ್ಯವನ್ನು ವಹಿಸಿಕೊಂಡರು. 1858ರಲ್ಲಿ ಪಿಗೂ ನಿಧನರಾದ ಬಳಿಕ ಡಾ. ನೀಲ್ ಮುಂದುವರಿಸಿದರು. ಈ ಮೂವರ ಚಿತ್ರಗಳುಳ್ಳ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಲಂಡನ್ನಿನಲ್ಲಿ ಪ್ರಕಟವಾದುದು 1866ರಲ್ಲಿ. ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ ಅದರ ಲೇಖಕರೇ ಹೊರತು ಛಾಯಾಗ್ರಾಹಕರಲ್ಲ. 1878ರ ಫ್ಲೀಟರ ಶಾಸನಸಂಪುಟದಲ್ಲಿಯೂ ಬಿಗ್ಸ್, ಪಿಗೂ ತೆಗೆದ ಚಿತ್ರಗಳೇ ಪುನಃ ಬಂದಿವೆ; ಅಲ್ಲಿಗೆ ಅಂತರ ಇಪ್ಪತ್ತು ವರ್ಷ ಮೀರಿತು. ಬರ್ಜೆಸ್ 1874ರಲ್ಲಿ ನಡೆಸಿದ ಬೆಳಗಾವಿ–ಕಲಾದಗಿ ಸರ್ವೇಕ್ಷಣೆಯ ವರದಿ ಅದೇ ವರ್ಷ ಅಚ್ಚಾದುದರಿಂದ ಅದೊಂದು ಅಪವಾದ. ಹೆನ್ರಿ ಕಸಿನ್ಸರ ಚಾಲುಕ್ಯ ವಾಸ್ತುಗ್ರಂಥದ ಪ್ರಕಟಣೆ 1926. ಅವರು ನಿವೃತ್ತರಾದುದು 1910ರಲ್ಲಿ.

ಶೀರ್ಷಿಕೆಗಳನ್ನೂ ನೇರವಾಗಿ ನಂಬುವಂತಿಲ್ಲ. ‘ಬೆಲ್ಗಾಮ್’ ಎಂಬುದು ನಗರವೂ ಹೌದು, ಜಿಲ್ಲೆಯೂ ಹೌದು. ‘ಕೋಟೆಯ ಜೈನ ದೇವಾಲಯ’ ಎಂದಿದ್ದರೆ ಅದು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನ ಕಾಲದ ಕಮಲ ಬಸದಿಯೋ, ಸಮೀಪದ ಚಿಕ್ಕ ಬಸದಿಯೋ ಎಂದು ಕೇಳಬೇಕಾಗುತ್ತದೆ. ಒಳಗಿನ ಚಿತ್ರವಾದರೆ ಛತ್ತಿನಿಂದ ಇಳಿಬಿದ್ದ ಕಮಲವೇ ಸಾಕ್ಷಿ. ಗ್ರಂಥಾಲಯದ ಸೂಚಿಗಳಲ್ಲಿ ಹುಡುಕುವವರು, 2014ರಲ್ಲಿ ಅಧಿಕೃತವಾದ ‘ಬೆಳಗಾವಿ’ಯ ಜೊತೆಗೆ ‘ಬೆಲ್ಗಾಮ್’, ‘ಹಲ್ಸಿ’ ಎಂಬ ರೂಪಗಳನ್ನೂ ನೋಡಬೇಕು.

ಇನ್ನು ಚಿತ್ರದ ಒಳಸಾಕ್ಷ್ಯ. ಬಿಗ್ಸ್ ಬಳಸಿದುದು ಕಾಗದದ ನೆಗೆಟಿವ್. ಅಂಥ ಪ್ರತಿಯಲ್ಲಿ ನಾರಿನ ಮಚ್ಚೆಗಳು ಕಾಣುತ್ತವೆ, ಅಂಚುಗಳು ಮೃದುವಾಗಿರುತ್ತವೆ. ಗಾಜಿನ ನೆಗೆಟಿವಿನಲ್ಲಿ ಕೆತ್ತನೆ ಸ್ಫುಟವಾಗಿ ಮೂಡುತ್ತದೆ. ಕಾಗದದ ನೆಗೆಟಿವನ್ನು ಮಗುಚಿ ಹಾಕಿದರೂ ಪ್ರತಿ ಬರುವುದರಿಂದ ಎಡಬಲಗಳು ಅದಲುಬದಲಾಗುವ ಸಂಭವವಿದೆ. ಹಲಸಿಯ ಭೂವರಾಹ ನರಸಿಂಹ ದೇವಾಲಯದಂಥ ಕಟ್ಟಡದಲ್ಲಿ ಇದು ತಟ್ಟನೆ ಗೊತ್ತಾಗದು: ಅಲ್ಲಿ ಎರಡು ಗರ್ಭಗೃಹಗಳು ಎದುರುಬದುರಾಗಿದ್ದು, ಎರಡರ ಮೇಲೂ ಶಿಖರವಿದೆ. ಮಗುಚಿದ ಪ್ರತಿಯನ್ನು ಆಗ ಬಯಲುಮಾಡುವುದು ಶಾಸನದ ಅಕ್ಷರಗಳು, ಇಲ್ಲವೆ ಮೂರ್ತಿಯ ಕೈಯ ಆಯುಧಗಳ ಸ್ಥಾನ.