ಕೇಶದ ನಯ, ದೇಹದ ಕ್ಷೇಮ

ಕಳಂಬೋಲಿಯ ಮಳೆಗಾಲದ ತೇವಕ್ಕೆ ಕೂದಲು ಕೆದರುವುದು ಸಹಜ. ಅದನ್ನು ನಯಗೊಳಿಸಲೆಂದು ಸೋದರಿಯರು ‘ಕೆರಾಟಿನ್’ ಉಪಚಾರಕ್ಕೆ ಮನಸೋಲುವುದುಂಟು. ಕೆರಾಟಿನ್ ನಮ್ಮ ಕೂದಲಿನದೇ ಪ್ರೋಟೀನು, ಅದರಿಂದ ಭಯವಿಲ್ಲ. ಭಯವಿರುವುದು ಅನೇಕ ದ್ರಾವಣಗಳಲ್ಲಿ ಅಡಗಿರುವ ಫಾರ್ಮಾಲ್ಡಿಹೈಡ್‌ನಿಂದ. ಕಾದ ಇಸ್ತ್ರಿ ತಾಗಿದೊಡನೆ ಅದು ಅನಿಲವಾಗಿ ಕಣ್ಣು, ಗಂಟಲುಗಳನ್ನು ಉರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅದನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು. ಅದಿಲ್ಲವೆನ್ನುವ ಕೆಲವು ದ್ರಾವಣಗಳಲ್ಲಿರುವ ಗ್ಲೈಆಕ್ಸಿಲಿಕ್ ಆಮ್ಲವು ಮೂತ್ರಪಿಂಡವನ್ನು ಕೆಡಿಸಬಲ್ಲದೆಂದು 2024ರಲ್ಲಿ ಫ್ರಾನ್ಸಿನ ವೈದ್ಯರು ಎಚ್ಚರಿಸಿದರು.

ಮೊದಲೇ ರಾಸಾಯನಿಕಗಳಿಂದ ನೇರಗೊಳಿಸಿದ ಕೂದಲಿನ ಒಳಬಂಧಗಳು ಸಡಿಲವಾಗಿರುತ್ತವೆ. ಮತ್ತೆ ಅತಿಶಾಖ ತಗುಲಿದರೆ ಅದು ಸಹಜ ಕೂದಲಿಗಿಂತ ಬೇಗ ತುಂಡಾಗುತ್ತದೆ. ಆದುದರಿಂದ ಕುರ್ಚಿಯಲ್ಲಿ ಕೂರುವ ಮುನ್ನ ಸೀಸೆಯ ಮೇಲಿನ ಬರಹವನ್ನು ಓದಿರಿ. ತೋರಿಸಲೊಪ್ಪದಿದ್ದರೆ ಎದ್ದು ಬನ್ನಿರಿ. ತಾಯಂದಿರು ಹಚ್ಚುತ್ತಿದ್ದ ಕೊಬ್ಬರಿಯೆಣ್ಣೆಯು ಕೂದಲಿನ ಪ್ರೋಟೀನು ನಷ್ಟವನ್ನು ತಗ್ಗಿಸುವುದೆಂದು 2003ರಲ್ಲಿ ಮುಂಬಯಿಯ ಸಂಶೋಧಕರೇ ತೋರಿಸಿಕೊಟ್ಟಿದ್ದಾರೆ.