ನಾಲ್ಕು ಜನರ ಮುಂದೆ ಮಾತನಾಡಲು ಎದೆ ನಡುಗುವುದೇ?

ಜಾಹೀರಾತು ಸಂಸ್ಥೆಯಲ್ಲಿ ದುಡಿಯುವವರಿಗೆ ಬರೆಯಲು, ಚಿತ್ರ ಬಿಡಿಸಲು ಬಂದರಷ್ಟೇ ಸಾಲದು. ಸಿದ್ಧಪಡಿಸಿದ ಜಾಹೀರಾತನ್ನು ಕಂಪನಿಯವರ ಮುಂದೆ ನಿಂತು ವಿವರಿಸಿ ಒಪ್ಪಿಸಬೇಕು. ಇದನ್ನು ಪ್ರೆಸೆಂಟೇಶನ್ ಎನ್ನುತ್ತಾರೆ. ಆ ದಿನ ಬಂತೆಂದರೆ ಎದೆ ಡವಡವ ಎನ್ನುವುದು, ನಾಲಿಗೆ ಒಣಗುವುದು, ಅಂಗೈ ಬೆವರುವುದು, ಹೊಟ್ಟೆ ತೊಳಸುವುದು ಆಗುತ್ತಿದ್ದರೆ ಅದಕ್ಕೆ ಸಭಾಕಂಪನ ಎಂದು ಹೆಸರು. ಹೃದಯದ ಕಾಯಿಲೆಯೆಂದು ಹೆದರಿ ಇ.ಸಿ.ಜಿ. ಮಾಡಿಸಿ, ಎಲ್ಲ ಸರಿಯಿದೆ ಎಂದ ಮೇಲೂ ಸಮಾಧಾನವಾಗದವರು ಇದ್ದಾರೆ.

ಹೀಗೇಕಾಗುತ್ತದೆ? ಅಪಾಯವಿದೆ ಎಂದು ಮೆದುಳಿಗೆ ಅನಿಸಿದೊಡನೆ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ಜೊಲ್ಲು ಕಡಿಮೆಯಾಗುತ್ತದೆ, ಕೈ ನಡುಗುತ್ತದೆ. ಉಸಿರಾಟ ಜೋರಾದಾಗ ತಲೆ ಹಗುರಾಗಿ ಬೆರಳುಗಳು ಜುಮ್ಮೆನ್ನುತ್ತವೆ. ಹಾವು ಕಂಡಾಗ ಓಡಲು ದೇಹ ಮಾಡಿಕೊಳ್ಳುವ ಸಿದ್ಧತೆಯೂ ಇದೇ. ಇದರಿಂದ ನಿಮ್ಮ ಜಾಣ್ಮೆಗೆ ಕೊರತೆಯಿದೆ ಎಂದಾಗುವುದಿಲ್ಲ.

ಹೆದರಿಕೆ ಸಾಮಾನ್ಯವಾಗಿ ಮೊದಲ ಕೆಲವು ನಿಮಿಷಗಳಲ್ಲಿ ಏರಿ, ಅಲ್ಲೇ ನಿಂತರೆ ತಾನಾಗಿ ಇಳಿಯುತ್ತದೆ. ಆದರೆ ನೀವು ರಜೆ ಹಾಕಿ ತಪ್ಪಿಸಿಕೊಂಡರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ತಪ್ಪಿಸಿಕೊಂಡಿದ್ದರಿಂದಲೇ ಬದುಕಿದೆ ಎಂದು ಮೆದುಳು ಪಾಠ ಕಲಿಯುತ್ತದೆ, ಮುಂದಿನ ಸಲ ಭಯ ಇನ್ನಷ್ಟು ದೊಡ್ಡದಾಗುತ್ತದೆ. ಬಡ್ತಿ ಬೇಡವೆನ್ನುವುದು, ಕೊನೆಗೆ ಕೆಲಸವನ್ನೇ ಬಿಡುವುದು, ಎಲ್ಲ ಹೀಗೆಯೇ ಶುರುವಾಗುತ್ತವೆ. ರಾಜೀನಾಮೆ ಬರೆಯುವ ಮುನ್ನ ಒಮ್ಮೆ ವೈದ್ಯರನ್ನು ಕಾಣಿರಿ.

ಚಿಕಿತ್ಸೆಯ ಮುಖ್ಯ ಭಾಗ ಮೆಟ್ಟಿಲು ಹತ್ತಿದಂತೆ ಅಭ್ಯಾಸ ಮಾಡುವುದು. ಮೊದಲು ಮನೆಯಲ್ಲಿ ನಿಂತು ಗಟ್ಟಿಯಾಗಿ ಹೇಳಿರಿ, ಆಮೇಲೆ ಒಬ್ಬ ಸಹೋದ್ಯೋಗಿಯ ಎದುರು, ನಂತರ ಕಚೇರಿಯ ಸಣ್ಣ ಸಭೆಯಲ್ಲಿ, ಕಡೆಗೆ ಕಂಪನಿಯವರ ಮುಂದೆ. ಒಂದು ಮೆಟ್ಟಿಲಿನಲ್ಲಿ ಭಯ ತಗ್ಗುವವರೆಗೆ ಅದನ್ನೇ ಮತ್ತೆ ಮತ್ತೆ ಮಾಡಿರಿ. ಎಲ್ಲವನ್ನೂ ಬಾಯಿಪಾಠ ಮಾಡಬೇಡಿ, ಒಂದು ಪದ ಮರೆತರೆ ಸರಪಳಿಯೇ ಕಡಿದುಹೋಗುತ್ತದೆ. ಮೊದಲ ಎರಡು ವಾಕ್ಯ ಗಟ್ಟಿಯಾಗಿದ್ದರೆ ಸಾಕು. ಜಾಹೀರಾತಿನ ಕೆಲಸದಲ್ಲಿ ಒಂದು ಅನುಕೂಲವೂ ಇದೆ: ತೋರಿಸಲು ಚಿತ್ರವಿರುತ್ತದೆ. ಅದನ್ನು ಎದುರಿಗಿಟ್ಟರೆ ಜನರ ಕಣ್ಣು ನಿಮ್ಮ ಮುಖ ಬಿಟ್ಟು ಅತ್ತ ಹೋಗುತ್ತದೆ. ನೀವೇ ಮಾಡಿದ ಭಾಗವನ್ನಷ್ಟೇ ಮೊದಮೊದಲು ವಿವರಿಸುತ್ತೇನೆಂದು ಮೇಲಧಿಕಾರಿಯನ್ನು ಕೇಳಬಹುದು. 12ನೇ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನವರು, ಬಟ್ಟೆ ಮಡಿ ಮಾಡುವ ಮಡಿವಾಳ ಮಾಚಯ್ಯನವರು ಮಾತಿಗೆ ನಿಂತಾಗ ತಮ್ಮ ಕಾಯಕದ ಅನುಭವದಿಂದಲೇ ನುಡಿದರು. ತಾನು ಮಾಡಿದ ಕೆಲಸದ ಬಗ್ಗೆ ಮಾತನಾಡುವುದು ಯಾರಿಗಾದರೂ ಸುಲಭ.

ಸಭೆಗೆ ಮುನ್ನ ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಬಿಡಿ. ಸ್ಟ್ರಾಂಗ್ ಕಾಫಿ ಬೇಡ, ಅದು ಎದೆಬಡಿತ ಹೆಚ್ಚಿಸುತ್ತದೆ.

ಧೈರ್ಯಕ್ಕೆಂದು ಮದ್ಯ ಕುಡಿಯುವವರಿದ್ದಾರೆ. ಇವತ್ತು ಒಂದು ಗುಟುಕು ಸಭೆಗಾಗಿ, ನಾಳೆ ಚಟಕ್ಕಾಗಿ. ಗೆಳೆಯರು ಕೊಟ್ಟ ಮಾತ್ರೆ ನುಂಗುವುದೂ ಅಷ್ಟೇ ಅಪಾಯ. ಪ್ರೊಪ್ರಾನೊಲಾಲ್ ಎಂಬ ಮಾತ್ರೆ ಎದೆಬಡಿತ, ನಡುಕ ತಗ್ಗಿಸುವುದು ನಿಜ. ಆದರೆ ಅಸ್ತಮಾ ಇರುವವರಿಗೆ ಅದರಿಂದ ಉಸಿರೇ ಕಟ್ಟಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದ ಸೂಚನೆಯನ್ನು ಅದು ಮರೆಮಾಚುತ್ತದೆ. ಆಲ್‌ಪ್ರಜೋಲಾಂನಂಥ ಮಾತ್ರೆಗಳು ಅಭ್ಯಾಸವಾಗಿಬಿಡುತ್ತವೆ. ಬಹಳ ಕಾಲ ನುಂಗಿದವರು ದಿಢೀರನೆ ನಿಲ್ಲಿಸುವುದೂ ಸಲ್ಲದು.

ರೋಗಿಯ ಜೊತೆ ಬಂದವರಿಗೂ ಒಂದು ಮಾತು. "ಇಷ್ಟು ಓದಿ ನಾಲ್ಕು ಮಾತಾಡೋಕೆ ಬರಲ್ವಾ?" ಎಂದು ಹಂಗಿಸಬೇಡಿ. ಅದರ ಬದಲು ಸಂಜೆ ಹತ್ತು ನಿಮಿಷ ಎದುರು ಕುಳಿತು ಅವರು ಹೇಳುವುದನ್ನು ಕೇಳಿರಿ. ಉಗ್ಗು ಇದ್ದರೆ ಅದು ಬೇರೆ ವಿಷಯ, ಅದಕ್ಕೆ ವಾಕ್ ತಜ್ಞರಿದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಚಿಕಿತ್ಸೆ ದೊರೆಯುತ್ತದೆ.

ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ನೋಯುತ್ತಿದ್ದರೆ, ನೋವು ಎಡಗೈಗೆ ಇಳಿಯುತ್ತಿದ್ದರೆ ಅದನ್ನು ಸಭಾಕಂಪನವೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಬನ್ನಿ. ಥೈರಾಯ್ಡ್ ಹೆಚ್ಚಾದರೂ, ರಕ್ತಹೀನತೆಯಿದ್ದರೂ ಎದೆ ಡವಗುಟ್ಟುತ್ತದೆ, ಆದ್ದರಿಂದ ಮೊದಲು ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಮನೋವೈದ್ಯರ ಬಳಿಗೆ ಹೋಗಲು ಸಂಕೋಚವೆನಿಸಿದರೆ, 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿರಿ. ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.